ಒಂದೇ ಒಂದು ಕಾಪಿ

ನನ್ನ ಲ್ಯಾಪ್‌ಟಾಪಿನ ತಳ ಬಿಚ್ಚಿ ಹಾರ್ಡ್ ಡಿಸ್ಕ್ ಹೊರತೆಗೆದ ರಿಪೇರಿ ಅಂಗಡಿಯ ಶಾಂತಾಬಾಯಿ, "ಇದರದು ಇನ್ನೊಂದು ಕಾಪಿ ಎಲ್ಲ್ಯಾರ ಅದ ಏನ್ರಿ ಮೇಡಂ?" ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ.

ಬೆಳಿಗ್ಗೆ ಭಾಲ್ಕಿಯ ಮನೆಯಲ್ಲಿ ಚಹಾ ಚೆಲ್ಲಿ ಲ್ಯಾಪ್‌ಟಾಪ್ ಆರಿಹೋಗಿತ್ತು. ಸಿಕ್ಕ ಬಸ್ ಹತ್ತಿ ಬೀದರಿನ ಚಿದ್ರಿಯಲ್ಲಿರುವ ಇವರ ಅಂಗಡಿಗೆ ಬಂದಿದ್ದೆ. ಔರಾದ ಕಡೆಯ ಹಳ್ಳಿಗಳಲ್ಲಿ ಮೂರು ವರ್ಷ ತಿರುಗಿ, ಕುರಿಗಳ ಯಾವ ರೋಗಕ್ಕೆ ಯಾವ ಸೊಪ್ಪು ಕೊಡಬೇಕೆಂದು ಹಿರಿಯ ಕುರಿಗಾರರು ಹೇಳಿದ್ದನ್ನೆಲ್ಲ ರೆಕಾರ್ಡ್ ಮಾಡಿ ಅದರಲ್ಲೇ ಇಟ್ಟಿದ್ದೆ. ಅವರಲ್ಲಿ ಇಬ್ಬರು ಈಗಿಲ್ಲ. ಮತ್ತೆ ಹೋಗಿ ಯಾರನ್ನು ಕೇಳಲಿ?

ಶಾಂತಾಬಾಯಿ ಡಿಸ್ಕನ್ನು ಅಂಗೈಯಗಲದ ಪ್ಲಾಸ್ಟಿಕ್ ಕೇಸಿನಲ್ಲಿ ಕೂರಿಸಿ, ವೈರಿನಿಂದ ತಮ್ಮ ಕಂಪ್ಯೂಟರಿಗೆ ಜೋಡಿಸಿದರು. ಕೇಸಿನ ದೀಪ ಹತ್ತಲಿಲ್ಲ. ಅವರು ವೈರು ಬದಲಿಸಿದರು. ಈ ಸಲ ನೀಲಿ ದೀಪ ಮಿನುಗಿತು. ಹಳ್ಳಿಗಳ ಹೆಸರಿಟ್ಟಿದ್ದ ನನ್ನ ಫೋಲ್ಡರುಗಳು ಪರದೆಯ ಮೇಲೆ ಒಂದೊಂದಾಗಿ ಮೂಡಿದವು. ನಾನು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ.

"ಚಹಾ ಡಿಸ್ಕಿಗಿ ಮುಟ್ಟಿಲ್ರಿ, ಅದಕ್ಕ ಉಳದದ. ಇದೂ ಕೆಟ್ಟಿದ್ರ ನನ್ನ ಕಡಿಂದ ಏನೂ ಆಗ್ತಿದ್ದಿಲ್ರಿ," ಎಂದರು.

ಈಗ ಬೇರೆ ಲ್ಯಾಪ್‌ಟಾಪ್ ತಂದು, ಆ ರೆಕಾರ್ಡಿಂಗುಗಳನ್ನೆಲ್ಲ ಅದಕ್ಕೆ ಕಾಪಿ ಮಾಡಿಕೊಂಡಿದ್ದೇನೆ. ಹಳೆಯ ಡಿಸ್ಕ್ ಆ ಕೇಸಿನಲ್ಲೇ ಇದೆ. ಪ್ರತಿ ರವಿವಾರ ವಾರದ ಕೆಲಸವನ್ನೆಲ್ಲ ಅದಕ್ಕೂ ಕಾಪಿ ಮಾಡುತ್ತೇನೆ. ಅಂದಿನ ಅಂಜಿಕೆ ಇನ್ನೂ ಹೋಗಿಲ್ಲ. ಆ ಅಂಜಿಕೆ ಹೋದರೆ ಕಾಪಿ ಮಾಡುವುದನ್ನೂ ಬಿಟ್ಟೇನು ಎಂಬುದೇ ಈಗ ನನಗಿರುವ ದೊಡ್ಡ ಅಂಜಿಕೆ.