ಪೋರ್ಟಿಕೋದಲ್ಲಿ ಹಿಡಿದ ಧೂಪ

ಬೆಳಿಗ್ಗೆ ಹತ್ತೂಕಾಲಿಗೆ ಧೂಪದ ಹೊಗೆ ಮೇಲಕ್ಕೆ ತಿರುಗಿತು. ಆಮೇಲಿನದೆಲ್ಲ ಇವತ್ತಿಗೂ ನನಗೆ ನೀರಿನೊಳಗೆ ನಡೆದಷ್ಟು ನಿಧಾನವಾಗಿಯೇ ಕಾಣುತ್ತದೆ.

ಕಡಕೊಳದಾಚೆ ನಮ್ಮ ಅರಸು ಮನೆತನದ ಬಂಗಲೆ, ಸುತ್ತ ಮಾವಿನ ತೋಟ. ತಾರಸಿ ಸೋರುತ್ತಿತ್ತು, ತೋಟದ ಆದಾಯ ಸಾಲುತ್ತಿರಲಿಲ್ಲ. ಹಾಗಾಗಿ ಮದುವೆಗೆ ಮುಂಚಿನ ಫೋಟೊ ಶೂಟಿಂಗಿಗೆ ಬಂಗಲೆಯನ್ನು ಬಾಡಿಗೆಗೆ ಕೊಡತೊಡಗಿದ್ದೆವು. ಅವತ್ತು ಶ್ರೀರಾಂಪುರದ ಜೋಡಿ. ಹುಡುಗಿಗೆ ಈ ಮನೆ ಸೊಸೆಯಂತೆಯೇ ಸ್ವಾಗತ ಬೇಕಿತ್ತು.

ಹೊಸ ಸೊಸೆಗೆ ನಮ್ಮಲ್ಲಿ ಒಳತೊಟ್ಟಿಯಲ್ಲಿ ಸಾಂಬ್ರಾಣಿ ಹಿಡಿಯುತ್ತಾರೆ. ನನಗೂ ಅತ್ತೆಯೇ ಹಿಡಿದಿದ್ದರು.

“ಒಳಗೆ ಬೆಳಕು ಸಾಲ್ದು ಅಮ್ಮಾವ್ರೇ, ಪೋರ್ಟಿಕೋದಲ್ಲೇ ಹಿಡ್ದುಬುಡಿ,” ಎಂದ ಫೋಟೊದವನು.

“ಈಗ ಬೆಳಕು ನೋಡ್ಕೊಂಡು ಶಾಸ್ತ್ರ ಮಾಡ್ಬೇಕು ಕಣಮ್ಮ,” ಎಂದು ನನ್ನತ್ತ ನಕ್ಕು ಅತ್ತೆ ಹೊರಗೆ ಬಂದರು.

ಪೋರ್ಟಿಕೋದ ಕಮಾನಿನಲ್ಲಿ ಹೆಜ್ಜೇನು ಕಟ್ಟಿತ್ತು. ಜೇನಿರುವ ಮನೆಗೆ ಬಡತನ ಬಾರದೆಂದು ಯಾರೂ ಬಿಡಿಸಿರಲಿಲ್ಲ. ದಿನವೂ ಅದರಡಿ ಓಡಾಡಿ ನಮಗೆ ಅದು ಗೋಡೆಯ ಗಾರೆಯಷ್ಟೇ ರೂಢಿಯಾಗಿತ್ತು.

ಹೊಗೆ ತಾಗಿ ಆ ಕಪ್ಪು ಜೇನುಹುಟ್ಟಿನ ಮೈ ಅಲೆಅಲೆಯಾಗಿ ನಡುಗಿತು, ಆಮೇಲೆ ಕಳಚಿ ಗಾಳಿಗೆ ಸುರಿಯಿತು. ಎಲ್ಲರೂ ಒಳಗೆ ನುಗ್ಗಿದರು. ಹುಡುಗಿ ಭಾರದ ಲಂಗ ತೊಡರಿ ಮೆಟ್ಟಿಲ ಮೇಲೆ ಬಿದ್ದಳು. ಅತ್ತೆ ಓಡಲಿಲ್ಲ, ಅವಳ ಮೇಲೆ ಬಾಗಿ ಸೆರಗು ಹೊದಿಸಿದರು. ನಾನು ನಡುಮನೆಯ ಜಮಖಾನ ಎಳೆದು ತಂದು ಮೂವರ ಮೇಲೂ ಮುಚ್ಚಿಕೊಂಡೆ. ಒಳಗೆ ಕತ್ತಲು, ಸಾಂಬ್ರಾಣಿ ವಾಸನೆ, ಮೇಲೆ ಆಲಿಕಲ್ಲಿನಂತೆ ಬಡಿಯುವ ಜೇನು.

“ಕಣ್ಣು ಮುಚ್ಕೋ ಮಗಾ, ನನ್ನ ಬುಡಬೇಡ,” ಎನ್ನುತ್ತಲೇ ಇದ್ದರು ಅತ್ತೆ. ಹುಡುಗಿಯ ಉಸಿರು ಸಣ್ಣದಾಗುತ್ತಿತ್ತು.

ಹಾಗೇ ತೆವಳುತ್ತ ಬಾಗಿಲು ದಾಟಿದೆವು. ಮೈಸೂರಿನ ಆಸ್ಪತ್ರೆ ಸೇರುವಾಗ ಹುಡುಗಿಗೆ ಪ್ರಜ್ಞೆಯಿರಲಿಲ್ಲ. ನಮ್ಮ ಬಾವು ಇಳಿಯಿತು. ಅವಳು ಐಸಿಯುನಲ್ಲೇ ಉಳಿದಳು. ಅತ್ತೆ ಬಂಗಲೆಯ ಗೇಟಿಗೆ ಬೀಗ ಹಾಕಿಸಿದರು. ತಾರಸಿಗೇನು ಮಾಡುವುದೆಂದು ನಾನು ಕೇಳಲಿಲ್ಲ. ಇಬ್ಬರಿಗೂ ನಿದ್ದೆ ಹತ್ತುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ಹೊಗೆ ಮತ್ತೆ ಮೆಲ್ಲಗೆ ಏಳುತ್ತಿತ್ತು.

“ಧೂಪ ಹಿಡಿದದ್ದು ನನ್ನ ಕೈ,” ಎನ್ನುವರು. “ಬುಡಿ ಅತ್ತೆ,” ಎಂದರೆ ಗೋಡೆ ಕಡೆ ತಿರುಗುವರು.

ಒಂದು ಗುರುವಾರ ಅವಳನ್ನು ವಾರ್ಡಿಗೆ ತಂದರು. ಅತ್ತೆಯನ್ನು ಕಂಡು ಊದಿದ ತುಟಿಯಲ್ಲೇ, “ಫೋಟೊ ಚೆನ್ನಾಗಿ ಬಂತಾ ಅಜ್ಜಿ?” ಎಂದಳು.

“ಬಂದಿದೆಯಂತೆ ಕಣೇ. ಬರೀ ನನ್ನ ಬೆನ್ನು.”

ಅವಳು ನಗಲು ಹೋಗಿ ನೋವಿಗೆ ಮುಖ ಹಿಂಡಿದಳು. ಅತ್ತೆ ಅವಳ ಪಾದ ಹಿಡಿದುಕೊಂಡು ಕುಳಿತರು.

ಅವತ್ತು ಮನೆಗೆ ಬಂದವರೇ ಊಟವನ್ನೂ ಮಾಡದೆ ಮಲಗಿದೆವು. ನಾನು ಎದ್ದಾಗ ಬಿಸಿಲು ಅತ್ತೆಯ ಮಂಚದ ಅರ್ಧಕ್ಕೆ ಬಂದಿತ್ತು. ಅವರಿಗೆ ಇನ್ನೂ ಎಚ್ಚರವಾಗಿರಲಿಲ್ಲ, ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು.