ನನ್ನ ಬೇಸ್‌ಗೊಂದು ಪೆಟ್ಟಿಗೆ

ಬೇಸ್ ಗಿಟಾರ್ ನುಡಿಸುವವರನ್ನು ಮದುವೆಮನೆಯಲ್ಲಿ ಯಾರೂ ನೋಡುವುದಿಲ್ಲ. ಹಾಡುವವನನ್ನು ನೋಡುತ್ತಾರೆ, ಡ್ರಮ್ಸ್ ಬಾರಿಸುವವನ ಸುತ್ತ ಮಕ್ಕಳು ಮುತ್ತುತ್ತಾರೆ. ನನ್ನನ್ನು ಯಾರಾದರೂ ನೋಡಿದ್ದರೆ ಅದು ನಾನು ಹೆಂಗಸು ಎಂಬ ಕಾರಣಕ್ಕೆ, ಅಥವಾ ರೇಷ್ಮೆ ಸೀರೆಯ ಕೆಳಗೆ ರಬ್ಬರಿನ ಹವಾಯಿ ಚಪ್ಪಲಿ ಹಾಕಿದ್ದೇನೆ ಎಂಬ ಕಾರಣಕ್ಕೆ. ಚಪ್ಪಲಿ ಬೇಕೇ ಬೇಕಿತ್ತು. ಆಗಿನ ಚಪ್ಪರಗಳಲ್ಲಿ ಪ್ಲಗ್ ಇಲ್ಲದ ವಯರನ್ನು ಬೆಂಕಿಕಡ್ಡಿ ಸಿಕ್ಕಿಸಿ ಸಾಕೆಟ್ಟಿನಲ್ಲಿ ನಿಲ್ಲಿಸುತ್ತಿದ್ದರು. ಬರಿಗಾಲಲ್ಲಿ ನಿಂತು ಗಿಟಾರಿನ ತಂತಿ ಮುಟ್ಟಿದರೆ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ಒಬ್ಬ ಮದುಮಗಳ ತಾಯಿ ನನ್ನ ಕಾಲನ್ನೇ ನೋಡಿ, “ಎಂತ ಟೀಚರ್, ನಿಮ್ಮ ಸ್ಯಾಂಡಲ್ ಬಸ್ಸಿನಲ್ಲಿ ಬಿಟ್ಟು ಬಂದಿರಾ?” ಎಂದಿದ್ದರು. ನಾನು ನಕ್ಕೆ. ಕರೆಂಟಿನ ವಿಷಯ ಮದುವೆಯ ದಿನ ಹೇಳುವಂಥದ್ದಲ್ಲ.

ನಾನು ಉಡುಪಿಯ ಒಂದು ಇಂಗ್ಲಿಷ್ ಶಾಲೆಯಲ್ಲಿ ಟೀಚರ್ ಆಗಿದ್ದೆ. ಮದುವೆಯಾಗಿರಲಿಲ್ಲ, ಶಂಕರಪುರದಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೆ. ಕಾನ್ವೆಂಟಿನಲ್ಲಿ ಕಲಿಯುವಾಗ ಪಿಯಾನೊ ಕಲಿಸುವ ಸಿಸ್ಟರ್ ಒಬ್ಬರು ನನ್ನ ಎಡಗೈಯನ್ನು ಮಾತ್ರ ಹೊಗಳುತ್ತಿದ್ದರು. ಬಲಗೈ ಹೋಪ್‌ಲೆಸ್. ಅಣ್ಣನಿಗೆ ಒಂದು ಬ್ಯಾಂಡ್ ಇತ್ತು: ಅವನದ್ದು ಗಿಟಾರ್ ಮತ್ತು ಹಾಡು, ಕಾಪುವಿನವರೊಬ್ಬರದ್ದು ಅಕಾರ್ಡಿಯನ್, ಕಾರ್ಕಳದವರೊಬ್ಬರದ್ದು ಡ್ರಮ್ಸ್. ಬೇಸ್ ನುಡಿಸುತ್ತಿದ್ದವನು ಗಲ್ಫಿಗೆ ಹೋಗುವಾಗ ಗಿಟಾರನ್ನು ನಮ್ಮ ಮನೆಯಲ್ಲೇ ಬಿಟ್ಟು ಹೋದ. ಎಡಗೈ ಚೆನ್ನಾಗಿರುವವಳು ಮನೆಯಲ್ಲೇ ಇದ್ದಳಲ್ಲ, ಅವನ ಜಾಗದಲ್ಲಿ ನನ್ನನ್ನು ನಿಲ್ಲಿಸಿದರು. ಅದು ಎಪ್ಪತ್ತರ ದಶಕದ ಕೊನೆ.

ಗಿಟಾರ್ ಬಂತು, ಆದರೆ ಆಂಪ್ಲಿಫೈಯರ್ ಬರಲಿಲ್ಲ. ನಮ್ಮ ಭಾಷೆಯಲ್ಲಿ ಅದು ಪೆಟ್ಟಿಗೆ. ಅಣ್ಣನ ಪೆಟ್ಟಿಗೆಯ ಎರಡನೇ ತೂತಿಗೆ ನನ್ನ ವಯರನ್ನೂ ಸಿಕ್ಕಿಸಿ ವರ್ಷಗಟ್ಟಲೆ ನುಡಿಸಿದೆ. ಬೆರಳು ಸವೆದದ್ದು ನನಗೆ ಗೊತ್ತು. ಸ್ವರ ಎಲ್ಲಿ ಹೋಗುತ್ತಿತ್ತೋ ಗೊತ್ತಿಲ್ಲ. ವಾರವಿಡೀ ಶಾಲೆ, ವಾರದ ಮಧ್ಯೆಯೂ ಮದುವೆ, ಮರುದಿನ ಪುನಃ ಬೆಳಗಿನ ಬಸ್ಸು. ಯಾರಿಗೂ ಕೇಳದ ಕೆಲಸ ಮಾಡಿ ಬರುವ ಸುಸ್ತೇ ಬೇರೆ. ಅದು ನಿದ್ದೆಗೆ ಇಳಿಯುವುದಿಲ್ಲ.

ಎಂಬತ್ತರ ದಶಕದ ಒಂದು ಕ್ರಿಸ್ಮಸ್‌ಗೆ ಅಕಾರ್ಡಿಯನ್‌ನವರ ತಮ್ಮ ಗಲ್ಫಿನಿಂದ ಕೀಬೋರ್ಡ್ ತಂದುಕೊಟ್ಟ. ನಮ್ಮ ವರಾಂಡದಲ್ಲಿ ಅದನ್ನು ಇಟ್ಟು, ಅಕಾರ್ಡಿಯನ್‌ನವರು ಎಡಗೈಯ ಒಂದೇ ಬೆರಳು ಒತ್ತಿದರು. ಬೇಸ್ ತಾನಾಗಿಯೇ ನಡೆಯತೊಡಗಿತು.

“ನೋಡಿ ಟೀಚರ್,” ಎಂದರು ಅವರು, “ನನ್ನ ಎಡಗೈಗೆ ಬೇರೆ ಸೀಟು ಬೇಡ, ಊಟದ ಎಲೆ ಬೇಡ, ಹವಾಯಿ ಚಪ್ಪಲಿಯೂ ಬೇಡ.”

ಡ್ರಮ್ಸ್‌ನವರು ನಕ್ಕರು. ಅಣ್ಣ ನಗಲಿಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ. ಅವರು ಹೋದ ಮೇಲೆ, ತಂಗಿಯನ್ನು ಮುದ್ದಿನಿಂದ ಕರೆಯುವ ಹಾಗೆ ಹೇಳಿದ: “ಬಾಯೆ, ಬೇಜಾರು ಮಾಡಬೇಡ. ನಿನ್ನ ಬೇಸ್ ಪಕ್ಕದಲ್ಲಿ ನಿಂತ ನನಗೇ ಕೇಳುವುದಿಲ್ಲ. ಕುಣಿಯುವವರಿಗೆ ಎಲ್ಲಿಂದ ಕೇಳಬೇಕು?”

“ನಿನ್ನ ಪೆಟ್ಟಿಗೆಗೇ ಸಿಕ್ಕಿಸಿದರೆ ಹೇಗೆ ಕೇಳ್ತದೆ? ನಿನ್ನ ಗಿಟಾರ್ ನನ್ನನ್ನು ತಿಂದು ಹಾಕ್ತದೆ.”

“ಹಾಗಾದರೆ ನಿನಗೆ ಅಂತ ಒಂದು ಪೆಟ್ಟಿಗೆ ಹುಡುಕು. ಲೆಂಟ್‌ವರೆಗೆ ನೋಡುವ. ಆಗದಿದ್ದರೆ ಈಸ್ಟರ್ ಕಳೆದ ಮೇಲೆ ಅವನ ಎಡಗೈ ಸಾಕು.”

ಲೆಂಟ್, ಅಂದರೆ ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸಕಾಲ, ಶುರುವಾದರೆ ನಮ್ಮಲ್ಲಿ ಮದುವೆಗಳಿಲ್ಲ. ಕ್ರಿಸ್ಮಸ್‌ನಿಂದ ಅಲ್ಲಿಯವರೆಗೆ ಸಿಗುವ ಆರೇಳು ವಾರಗಳಲ್ಲಿ ನನ್ನ ಸ್ವರವನ್ನು ಕೇಳಿಸಬೇಕಿತ್ತು; ಇಲ್ಲವಾದರೆ ಮನೆಯಲ್ಲಿ ಕೂರಬೇಕಿತ್ತು.

ಮೊದಲು ಕಾಪುವಿನಲ್ಲಿ ಸೌಂಡ್ ಸರ್ವಿಸ್ ನಡೆಸುವ ಬ್ಯಾರಿಗಳೊಬ್ಬರನ್ನು ಕೇಳಿದೆ. ಅವರ ಬಳಿ ಇದ್ದದ್ದು ಕಬ್ಬಿಣದ ಪೆಟ್ಟಿಗೆ ಮತ್ತು ತುತ್ತೂರಿಯಂಥ ಸ್ಪೀಕರು. ಸಿಕ್ಕಿಸಿ ನುಡಿಸಿದೆ. ಕೆಳಗಿನ ತಂತಿ ಎಳೆದರೆ ತಗಡಿನ ಸದ್ದು ಮಾತ್ರ ಬಂತು. “ಬಾಯಮ್ಮ,” ಎಂದರು ಅವರು, “ಇದರಲ್ಲಿ ಭಾಷಣ ಕೇಳ್ತದೆ, ಮಸೀದಿಯ ಬಾಂಗ್ ಕೇಳ್ತದೆ. ನಿಮ್ಮ ಢುಂ ಢುಂ ಇದರ ಗಂಟಲಲ್ಲಿ ಇಳಿಯುವುದಿಲ್ಲ. ಸುಮ್ಮನೆ ಬಾಡಿಗೆ ಕೊಡಬೇಡಿ.” ಉಡುಪಿಯ ರೇಡಿಯೊ ಅಂಗಡಿಯಲ್ಲಿ ಮಾಡಿಸಿದ ಮರದ ಪೆಟ್ಟಿಗೆಯೊಂದು ಸಿಕ್ಕಿತು. ಸ್ವಲ್ಪ ಜೋರು ಮಾಡಿದರೆ ಅದರ ಸ್ಪೀಕರು ಹರಿದ ಹಪ್ಪಳದ ಹಾಗೆ ಬಡಿದುಕೊಳ್ಳುತ್ತಿತ್ತು.

ಕೊನೆಗೆ ಮಣಿಪಾಲ. ಮಲೇಷ್ಯಾದಿಂದ ಮೆಡಿಸಿನ್ ಕಲಿಯಲು ಬಂದವರೊಬ್ಬರು ಓದು ಮುಗಿಸಿ ಊರಿಗೆ ಹೊರಟಿದ್ದರು. ಅವರ ಬಾಡಿಗೆ ಕೋಣೆಯಲ್ಲಿ ಮಾರಲಿಕ್ಕಿದ್ದ ಎರಡು ಪೆಟ್ಟಿಗೆಗಳಿದ್ದವು. ಒಂದು ಸಣ್ಣದು, ಸೂಟ್‌ಕೇಸಿನ ಹಾಗೆ ಒಂದೇ ಕೈಯಲ್ಲಿ ಹಿಡಿಯಬಹುದಿತ್ತು. ಇನ್ನೊಂದು ನನ್ನ ಸೊಂಟದಷ್ಟು ಎತ್ತರ. ಸಣ್ಣದರಲ್ಲಿ ನುಡಿಸಿದೆ. ಕೋಣೆಯೊಳಗೆ ಲವ್ಲಿ ಸೌಂಡ್. ಜೊತೆಗೆ ಬಂದಿದ್ದ ಅಣ್ಣನನ್ನು ಹೊರಗೆ ಕಳುಹಿಸಿ, ಅಂಗಳದಾಚೆಯ ಕೆಂಪು ಮುರಕಲ್ಲಿನ ಗೋಡೆಯ ಹತ್ತಿರ ನಿಲ್ಲಲು ಹೇಳಿದೆ. ಮದುವೆಮನೆಯಲ್ಲಿ ಯಾರೂ ಪೆಟ್ಟಿಗೆಗೆ ಕಿವಿಯಿಟ್ಟು ಕುಣಿಯುವುದಿಲ್ಲವಲ್ಲ. ಅಲ್ಲಿಂದ ಅವನು ಕೈಯಾಡಿಸಿದ: ಇಲ್ಲ, ಏನೂ ಇಲ್ಲ. ಆಮೇಲೆ ದೊಡ್ಡದರಲ್ಲಿ ಕೆಳಗಿನ ತಂತಿಯನ್ನು ಒಮ್ಮೆ, ನಿಧಾನವಾಗಿ ಎಳೆದೆ. ಕಿಟಕಿಯ ಸರಳು ನಡುಗಿತು. ಅಣ್ಣ ಗೋಡೆಯ ಬಳಿಯಿಂದ ಓಡಿ ಬಂದ.

“ಅಲ್ಲಿ ಇಲ್ಲಿಗಿಂತ ಹೆಚ್ಚು ಕೇಳ್ತದೆ ಬಾಯೆ! ಕಾಲಿಗೇ ಬರ್ತದೆ.”

“ಮ್ಯಾಮ್, ದಟ್ ಒನ್ ಈಸ್ ವೆರಿ ಹೆವಿ,” ಎಂದು ಮಲೇಷ್ಯಾದವರು ಮೆಲ್ಲಗೆ ಎಚ್ಚರಿಸಿದರು.

ನನ್ನ ಸೊಂಟ ಆಗಲೇ ಹೇಳಿದ ಮಾತು ಕೇಳುತ್ತಿರಲಿಲ್ಲ. ಲೇಡಿಯಾದವಳು ಭಾರ ಎತ್ತಬಾರದು ಎಂದು ಸಿಸ್ಟರುಗಳು ಹೇಳಿಕೊಟ್ಟಿದ್ದರು. ಆದರೂ ದೊಡ್ಡದನ್ನೇ ಆರಿಸಿದೆ. ಆ ಆಯ್ಕೆಯ ಬಗ್ಗೆ ನನ್ನ ಅತ್ತಿಗೆ ಸಾಯುವವರೆಗೂ ಹೇಳುತ್ತಿದ್ದಳು: “ಇವಳು ಕಿವಿಯಿಂದ ಆರಿಸಿದ್ದು, ಬೆನ್ನಿನ ಹತ್ತಿರ ಕೇಳಲೇ ಇಲ್ಲ.”

ಹೊಸ ಪೆಟ್ಟಿಗೆಯ ಮೊದಲ ಪರೀಕ್ಷೆ ಕಾರ್ಕಳದಲ್ಲಿ, ಒಂದು ರೋಸ್‌ಗೆ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ ನಮ್ಮಲ್ಲಿ ರೋಸ್. ಬಾಡಿಗೆ ಟೆಂಪೊದಿಂದ ಪೆಟ್ಟಿಗೆಯನ್ನು ನಾನೂ ಡ್ರಮ್ಸ್‌ನವರೂ ಇಳಿಸಿದೆವು. ಸಂಜೆಯ ಬಿಸಿಲು ಇನ್ನೂ ಅಂಗಳದಲ್ಲಿತ್ತು. ಸ್ವಿಚ್ ಹಾಕಿದ ಕೂಡಲೇ ಪೆಟ್ಟಿಗೆ ಗುಂಯ್ ಎನ್ನತೊಡಗಿತು, ಹತ್ತು ಜೇನುಗೂಡು ಒಟ್ಟಿಗೆ ಕೆದಕಿದ ಹಾಗೆ. ಆ ಮನೆಯ ಸಾಕೆಟ್ಟಿನಲ್ಲಿ ಎರಡೇ ತೂತು. ಕರೆಂಟನ್ನು ಹಸಿ ಮಣ್ಣಿಗೆ ಇಳಿಸುವ ಅರ್ತಿಂಗ್ ಎಂಬುದೇ ಇಲ್ಲ; ಅದಿಲ್ಲದಿದ್ದರೆ ಪೆಟ್ಟಿಗೆ ಹೀಗೆ ಗುಂಯ್ ಎನ್ನುತ್ತದೆ. ನಾನು ತಂದಿದ್ದ ಕಬ್ಬಿಣದ ಸರಳನ್ನು ಚಪ್ಪರದ ಬದಿಯ ತೆಂಗಿನ ಬುಡದಲ್ಲಿ ಹೊಡೆದು, ಅದಕ್ಕೂ ಪೆಟ್ಟಿಗೆಗೂ ತಂತಿ ಬಿಗಿದು, ಒಂದು ಕೊಡಪಾನ ನೀರು ಸುರಿದೆ. ಮಳೆ ನಿಂತು ತಿಂಗಳುಗಳಾಗಿದ್ದ ಕೆಂಪು ಮುರಕಲ್ಲು ಮಣ್ಣು ನೀರನ್ನು ಕುಡಿದು ಸುಮ್ಮನಾಯಿತು. ಗುಂಯ್ ಗುಂಯ್ ಹಾಗೇ ಉಳಿಯಿತು.

“ಪ್ರಾರ್ಥನೆ ಶುರುವಾಗ್ತದೆ. ಆಫ್ ಮಾಡು,” ಎಂದ ಅಣ್ಣ.

“ಆಮೇಲೆ?”

“ಆಮೇಲೆ ಹೀಗೇ ಇದ್ದರೆ ಆಫೇ ಇರಲಿ.”

ಕೀಬೋರ್ಡಿನ ಹಿಂದೆ ನಿಂತವರು ಎಡಗೈಯ ಬೆರಳುಗಳನ್ನು ಒಂದೊಂದಾಗಿ ಲಟಿಕೆ ಮುರಿದರು. ನಾನು ಗಿಟಾರನ್ನು ಹೆಗಲಿಗೆ ಹಾಕಿಕೊಂಡೇ ನಿಂತೆ. ಆಯಿತು, ಬೆನ್ನಿಗಾದರೂ ವಿಶ್ರಾಂತಿ ಎಂದುಕೊಂಡೆ. ಸ್ವಿಚ್ ಆಫ್ ಮಾಡಿದೆ.

ಪ್ರಾರ್ಥನೆ ಮುಗಿಯಿತು. ಹೆಂಗಸರು ಹಾಡುತ್ತಾ ಮದುಮಗಳಿಗೆ ತೆಂಗಿನ ಹಾಲು ಹಚ್ಚಿದರು. ಬಾಲ್ದಿಗಟ್ಟಲೆ ನೀರು ಬಂತು. ಹೆಣೆದ ತೆಂಗಿನ ಮಡಲಿನ ತಟ್ಟಿ ಮರೆ ಕಟ್ಟಿ ಮೀಯಿಸುವ ಜಾಗ ಮಾಡಿದ್ದದ್ದು ಅದೇ ತೆಂಗಿನ ಹತ್ತಿರ; ಮಿಂದ ನೀರೆಲ್ಲ ಸಣ್ಣ ಕಣಿಯಲ್ಲಿ ಹರಿದು ಆ ಬುಡಕ್ಕೇ ಸೇರಿತು. ಕೊನೆಗೆ ಮದುಮಗಳ ದೊಡ್ಡಮ್ಮ, ಉಳಿದ ತೆಂಗಿನ ಹಾಲಿನ ಪಾತ್ರೆಯನ್ನು ಎತ್ತಿಕೊಂಡು ಬಂದರು. ಅದನ್ನು ಜನ ತುಳಿಯುವಲ್ಲಿ ಚೆಲ್ಲಬಾರದು ಎಂದು ಅವರ ಮನೆಯ ಕಟ್ಟುನಿಟ್ಟು. ನನ್ನ ಸರಳಿನ ಮೇಲೆಯೇ ಅದನ್ನು ಸುರಿದರು.

“ಇದೆಂತ ಟೀಚರ್, ದನ ಕಟ್ಟುವ ಗೂಟವಾ?”

“ಅಲ್ಲ ಅಮ್ಮ, ಸಂಗೀತದ್ದು.”

“ಹಾಗಾದರೆ ಇನ್ನೊಂದು ಬಾಲ್ದಿ ಹಾಕ್ತೇನೆ,” ಎಂದು ಹಾಕಿಯೇ ಬಿಟ್ಟರು.

ಕುಣಿತದ ಹಾಡಿಗೆ ಅಣ್ಣ ಕೈಯೆತ್ತಿದ. ನಾನು ಸ್ವಿಚ್ ಹಾಕಿದೆ. ಏನೂ ಇಲ್ಲ. ಗುಂಯ್ ಸದ್ದೂ ಇಲ್ಲ; ಪೆಟ್ಟಿಗೆ ಕೆಟ್ಟೇ ಹೋಯಿತೆಂದುಕೊಂಡು ತಂತಿ ಮುಟ್ಟಿದೆ.

ಆ ಸ್ವರ ಹೊರಗೆ ಹೋದ ರೀತಿಯನ್ನು ಇಂದಿಗೂ ಸರಿಯಾಗಿ ಬರೆಯಲಾರೆ. ಮೊದಲು ಅದು ನನ್ನ ಹಿಮ್ಮಡಿಗೆ ಬಂತು, ಆಮೇಲೆ ಚಪ್ಪರದ ಕಂಬಕ್ಕೆ. ಬೆಂಚಿನ ಮೇಲೆ ಕೂತಿದ್ದ ಮುದುಕರೊಬ್ಬರು ಎದ್ದು, “ಕಾಲು ತಾನಾಗಿ ಹೋಗ್ತದೆ ಮಾರಾಯ್ರೇ!” ಎನ್ನುತ್ತಾ ಅಂಗಳಕ್ಕಿಳಿದರು. ಎರಡನೇ ಹಾಡಿಗೆ ಕೀಬೋರ್ಡಿನವರ ಕಡೆ ನೋಡಿದೆ. ಬಲಗೈ ನುಡಿಸುತ್ತಿತ್ತು. ಎಡಗೈಯಲ್ಲಿ ವೈನಿನ ಗ್ಲಾಸು.

ಈಸ್ಟರ್ ಕಳೆದ ಮೇಲೂ ಬ್ಯಾಂಡಿನಲ್ಲಿ ಉಳಿದೆ. ಇನ್ನೂ ಕೆಲವು ವರ್ಷ ನುಡಿಸಿದೆ. ಯಾವ ರೋಸ್‌ಗೆ ಹೋದರೂ ಮೊದಲು ಕೇಳುತ್ತಿದ್ದದ್ದು, “ಮದುಮಗಳನ್ನು ಎಲ್ಲಿ ಮೀಯಿಸುತ್ತೀರಿ?” ಎಷ್ಟು ಭಕ್ತಿ ಈ ಟೀಚರಿಗೆ ಎಂದು ಜನ ಮಾತಾಡಿಕೊಂಡರಂತೆ. ಆದರೆ ಸ್ವರದ ಜೊತೆ ಪೆಟ್ಟಿಗೆಯೂ ಬರುತ್ತಿತ್ತಲ್ಲ: ಟೆಂಪೊಗೆ ಏರಿಸು, ಇಳಿಸು, ಮೆಟ್ಟಿಲು ಹತ್ತಿಸು. ಕಾಪುವಿನ ಒಂದು ಮದುವೆ ಹಾಲ್‌ನ ಮೆಟ್ಟಿಲಲ್ಲಿ ಬಗ್ಗಿದವಳು ನೆಟ್ಟಗಾಗಲಿಲ್ಲ. ಮಣಿಪಾಲದ ಡಾಕ್ಟರು ಹಲಗೆಯ ಮೇಲೆ ಮಲಗಿಸಿ, ಇನ್ನು ಗಿಟಾರಿನ ಭಾರವೂ ಬೇಡ ಎಂದರು.

ಸ್ವಲ್ಪ ಗುಣವಾದ ಮೇಲೆ ಅಣ್ಣ ಬಂದು ಕೂತ. “ಸಣ್ಣ ಪೆಟ್ಟಿಗೆ ನೋಡುವ ಬಾಯೆ. ಕೂತು ನುಡಿಸು. ಎಲ್ಲ ನಾನೇ ಹೊರುತ್ತೇನೆ.”

“ಕೇಳುವುದಿಲ್ಲವಲ್ಲ.”

“ನೀನು ಇದ್ದರೆ ಸಾಕು.”

“ನನಗೆ ಸಾಕಾಗುವುದಿಲ್ಲ,” ಎಂದೆ.

ಮರುವರ್ಷ ಶಂಕರಪುರದಲ್ಲೇ, ನೆರೆಮನೆಯ ರೋಸ್. ಅಣ್ಣನ ಬ್ಯಾಂಡು. ನಾನು ಅತ್ತಿಗೆಯ ಜೊತೆ ಗೆಸ್ಟ್ ಆಗಿ ಕುರ್ಚಿಯಲ್ಲಿ ಕೂತಿದ್ದೆ, ಕಾಲಲ್ಲಿ ಒಳ್ಳೆಯ ಸ್ಯಾಂಡಲ್. ಕೀಬೋರ್ಡನ್ನು ನನ್ನ ಪೆಟ್ಟಿಗೆಗೇ ಸಿಕ್ಕಿಸಿದ್ದರು. ಅದು ಗುಂಯ್ ಎನ್ನುತ್ತಿತ್ತು.

“ನಿನ್ನ ಪೆಟ್ಟಿಗೆ ಅಳ್ತಾ ಉಂಟು. ಹೋಗಿ ಹೇಳು,” ಎಂದಳು ಅತ್ತಿಗೆ.

“ಹೇಳಲಿಕ್ಕೆ ಏಳಬೇಕಲ್ವಾ?”

ಅಣ್ಣನೇ ಬಂದ. ಸರಳು ಎಲ್ಲಿ ಎಂದು ಕೇಳಿದ. ನಮ್ಮ ಮನೆಯ ಹಿಂದೆ ಮಲ್ಲಿಗೆ ಗಿಡಕ್ಕೆ ಆಸರೆಯಾಗಿ ಊರಿದ್ದೇನೆ, ಕಿತ್ತು ತಾ ಎಂದೆ. ಅವನು ಅದನ್ನು ತಂದು, ಕೇಳದೆಯೇ ಮೀಯಿಸುವ ಜಾಗದ ಕೆಳಗಿನ ತೆಂಗಿನ ಬುಡದಲ್ಲಿ ಹೊಡೆದ. ಮದುಮಗಳು ಮಿಂದಾದ ಮೇಲೆ ಗುಂಯ್ ನಿಂತಿತು. ಕುಣಿತ ಶುರುವಾಯಿತು. ನಾನು ಸ್ಯಾಂಡಲ್ ಬಿಚ್ಚಿ ಎರಡೂ ಕಾಲನ್ನು ಅಂಗಳದ ನೆಲಕ್ಕೆ ಒತ್ತಿ ಇಟ್ಟೆ. ಪೆಟ್ಟಿಗೆಯ ಸ್ವರ ಬಂತು, ಮೊದಲಿನಷ್ಟೇ ಆಳದಿಂದ. ಕೀಬೋರ್ಡಿನವರ ಎಡಗೈ ಒಂದು ಕಡೆ ತಪ್ಪಿತು. ಯಾರೂ ತಿರುಗಿ ನೋಡಲಿಲ್ಲ. ಅಣ್ಣ ಮಾತ್ರ ಹಾಡುತ್ತಾ ಹಾಡುತ್ತಾ ನನ್ನ ಕಡೆ ನೋಡಿದ.