ಕವಲಿಗೆ ಹಾಕದ ಪಟ್ಟಿ

ಹೋದ ತಿಂಗಳು ಕಾಲೇಜಿನಲ್ಲಿ ಪೈಪುಗಳ ಮೇಲೆ ಬೀಳುವ ಒತ್ತಡದ ಲೆಕ್ಕ ಕಲಿಸುತ್ತಿದ್ದೆ. ಕಂಪ್ಯೂಟರಿನ ಪರದೆಯ ಮೇಲೆ ಒಂದು ದೊಡ್ಡ ಪೈಪು, ಅದರಿಂದ ಕವಲೊಡೆದ ಇನ್ನೊಂದು. ಕೂಡಿದ ಜಾಗದ ಸುತ್ತ ಹಾಕುವ ಬಲಪಟ್ಟಿಯ ದಪ್ಪ ಎಷ್ಟೆಂದು ತಂತ್ರಾಂಶ ಕೇಳಿತು. ಒಬ್ಬ ವಿದ್ಯಾರ್ಥಿನಿ ಸೊನ್ನೆ ಒತ್ತಿದಳು. ಒತ್ತಡ ಮಿತಿ ಮೀರಿತೆಂದು ಕವಲಿನ ಬುಡ ಕೆಂಪಾಯಿತು. ಆ ಕೆಂಪು ನೋಡುತ್ತಲೇ ಅಣ್ಣಿಗೇರಿಯ ಫಿಟ್ಟರ್ ಕಾಕಾ ನೆನಪಾದರು...

ಎಪ್ಪತ್ತರ ದಶಕ. ಅಲ್ಲಿಯ ಹತ್ತಿ ಪ್ರೆಸ್ಸಿಗೆ ನಾನು ಹೊಸದಾಗಿ ಸೇರಿದ ಡಿಪ್ಲೊಮಾ ಎಂಜಿನಿಯರ್. ಬಾಯ್ಲರಿನ ಉಗಿ ಪೈಪಿಗೆ ಕವಲು ತೆಗೆದು ಎರಡನೆಯ ಯಂತ್ರಕ್ಕೆ ಕೊಡಬೇಕಿತ್ತು. ನಕ್ಷೆ ನನ್ನದು, ಬೆಸುಗೆ ಕಾಕಾ ಅವರದು. ನವಲಗುಂದದವರು, ಅವರ ಹೆಂಡತಿ ಮನೆಯಲ್ಲಿ ಜಮಖಾನೆ ನೇಯುತ್ತಿದ್ದರು. ನನ್ನ ನಕ್ಷೆಯನ್ನು ಕಾಕಾ ಬಹಳ ಹೊತ್ತು ನೋಡಿದರು.

“ಸಾಹೇಬ್ರ, ಪೈಪಿಗೆ ತೂತು ಕೊರದ್ರ ಅದರ ಅರ್ಧಾ ಜೀವ ಹೋದಂಗ್ರಿ. ಸುತ್ತ ಒಂದ್ ಪಟ್ಟಿ ಕೂಡಸೂಣ್ರಿ.”

“ಲೆಕ್ಕಾ ಮಾಡೇನಿ ಕಾಕಾ, ಬ್ಯಾಡ,” ಎಂದೆ.

ನಾನು ಉಗಿಯ ಒತ್ತಡವನ್ನಷ್ಟೇ ಲೆಕ್ಕ ಹಾಕಿದ್ದೆ. ಕಾಯ್ದ ಪೈಪು ಉದ್ದಕ್ಕೆ ಹಿಗ್ಗುತ್ತ ಕವಲಿನ ಬುಡವನ್ನು ಹೇಗೆ ತಿರುಚುತ್ತದೆ ಎಂಬುದು ಹೊಳೆದೇ ಇರಲಿಲ್ಲ.

ದಿನವೂ ಬೆಳಿಗ್ಗೆ ಉಗಿ ಬಿಟ್ಟೊಡನೆ ಕವಲಿನ ಬಳಿ ಟಕ್ಕೆಂದು ಸದ್ದಾಗುತ್ತಿತ್ತು. ಕಾಕಾ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದರು. ಪೈಪು ಕಾಯ್ದಂತೆ ಗೆರೆ ದಾಟುತ್ತಿತ್ತು. ಆರಿದ ಮೇಲೂ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಕೆಲಸ ನಿಲ್ಲಿಸಿ ಪಟ್ಟಿ ಹಾಕೋಣವೆಂದು ಅವರು ಮತ್ತೆ ಕೇಳಿದರು. “ಸುಗ್ಗಿ ಮುಗೀಲಿ,” ಎಂದರು ಮ್ಯಾನೇಜರ್. ನಾನೂ ತಲೆಯಾಡಿಸಿದೆ. ಅಂದಿನಿಂದ ಕಾಕಾ ಕವಲಿನ ಕೆಳಗೆ ಹತ್ತಿ ಆರಿಸಲು ಕೂರುತ್ತಿದ್ದ ಹೆಂಗಸರನ್ನು ಬೈದು ಎಬ್ಬಿಸತೊಡಗಿದರು.

“ಇಲ್ಲಿ ಕುಂಡ್ರಬ್ಯಾಡ್ರಿ ಅಂದ್ರ ತಿಳಿಯಂಗಿಲ್ಲೇನ್ರವಾ?”

ಮುದುಕನಿಗೆ ತಲೆ ಕೆಟ್ಟಿದೆ ಎಂದು ನಗುತ್ತ ಅವರು ಆಚೆ ಗೋಡೆಗೆ ಸರಿದರು.

ಒಂದು ಮಧ್ಯಾಹ್ನ ಕವಲು ಸೀಳಿತು. ಬೆಳ್ಳಗಿನ ಉಗಿಯಲ್ಲಿ ಏನೂ ಕಾಣಲಿಲ್ಲ. ಕಿವಿ ಕಿತ್ತುಹೋಗುವಂಥ ಸಿಳ್ಳು ಮಾತ್ರ. ನಾನು ಹೊರಗೆ ಓಡಿದೆ. ಕಾಕಾ ಒಳಗೆ ಓಡಿ ವಾಲ್ವ್ ಮುಚ್ಚಿದರು. ಆಚೆ ಗೋಡೆಯ ಬಳಿಯಿದ್ದ ಹೆಂಗಸರೆಲ್ಲ ಬದುಕಿ ಉಳಿದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮೈಯೆಲ್ಲ ಬೆಂದು ಮಲಗಿದ್ದ ಅವರು ನನ್ನನ್ನು ಕೇಳಿದ್ದು ಒಂದೇ ಮಾತು.

“ಬೆಸಿಗಿ ಹಿಡದಿತ್ತೇನ್ರಿ?”

“ಹಿಡದಿತ್ತು ಕಾಕಾ. ಬಾಜೂಕ ಪೈಪ್ ಹರದೈತಿ.”

ಅವರು ಹೂಂ ಎಂದರು. ಮೂರನೆಯ ದಿನ ತೀರಿಕೊಂಡರು.

ವಿಚಾರಣೆಯ ಕಾಗದದಲ್ಲಿ ‘ಬೆಸುಗೆ ಸರಿಯಿರಲಿಲ್ಲ’ ಎಂದು ಬರೆದು ಮ್ಯಾನೇಜರ್ ನನ್ನ ಮುಂದಿಟ್ಟರು. ನಕ್ಷೆಯ ಮಾತು ಯಾರೂ ಎತ್ತಲಿಲ್ಲ. ನಾನು ಸಹಿ ಹಾಕಿದೆ... ನೌಕರಿ ಹೊಸದು, ಹೆದರಿಕೆ, ಏನಂತ ಹೇಳಲಿ.

ಹೋದ ತಿಂಗಳು, ಕಾಲೇಜಿನ ಆ ಪಾಠದ ಮರುದಿನವೇ ನವಲಗುಂದದ ಬಸ್ಸು ಹತ್ತಿದೆ. ಮಗ್ಗದ ಮುಂದೆ ಕೂತಿದ್ದ ಕಾಕಾ ಅವರ ಮಗಳಿಗೂ ಈಗ ತಲೆ ಹಣ್ಣಾಗಿದೆ. ನಡೆದದ್ದನ್ನೆಲ್ಲ ಹೇಳಿದೆ, ಸಹಿಯನ್ನೂ ಬಿಡದೆ. ಅವರು ಕೈ ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು.

“ನಮ್ಮ ಅಮ್ಮಿ ಇದ್ದಾಗ ಬಂದು ಹೇಳಬೇಕಿತ್ರಿ,” ಎಂದರು ಕೊನೆಗೆ. “ಬೆಸಿಗ್ಯಾಗ ನಮ್ಮ ಅಬ್ಬಾನ ಕೈ ತಪ್ಪಿತ್ತಂತ ನಂಬಕೊಂಡ ಹೋದ್ರು.”

ಅವರು ಮತ್ತೆ ಮಗ್ಗಕ್ಕೆ ಕೈ ಹಾಕಿದರು. ಕೂಡ್ರಿ ಎನ್ನಲಿಲ್ಲ. ನಾನು ನಿಂತೇ ಇದ್ದೆ.